ರೋಗಿಗಳ ಧರ್ಮ, ಭಾಷೆ, ನಂಬಿಕೆ: ವಾರ್ಡಿಗೆ ಒಂದು ಪಟ್ಟಿ ಬರೆದು ಅಂಟಿಸಿದರೆ ಸಾಕೇ?

ಪ್ರಶ್ನೆ: ವಾರ್ಡ್ ಉಸ್ತುವಾರಿ

ಹಲವು ಭಾಷೆ, ಹಲವು ನಂಬಿಕೆಯ ರೋಗಿಗಳು ಬರುವ ಮೆಡಿಸಿನ್ ವಾರ್ಡು. ದಾಖಲಾತಿ ಫಾರಂನಲ್ಲಿ ಈಗಿರುವುದು 'ಧರ್ಮ', 'ಮಾತೃಭಾಷೆ' ಎಂಬ ಎರಡೇ ಕಾಲಂ. ತುಂಬಿಸಿದ ಮೇಲೆ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಹೊಸದಾಗಿ ಸೇರುವ ನರ್ಸ್‌ಗಳಿಗೆ ಅನುಕೂಲವಾಗಲಿ ಎಂದು ಗೋಡೆಗೊಂದು ಚಾರ್ಟ್ ಹಾಕುವ ಯೋಚನೆ ಇದೆ: ಇಂಥ ಸಮುದಾಯದವರು ಇದನ್ನು ಮುಟ್ಟುವುದಿಲ್ಲ, ಇಂಥವರು ರಕ್ತ ಬೇಡ ಅನ್ನುತ್ತಾರೆ, ಇಂಥವರಾದರೆ ಮನೆಯ ಹಿರಿಯರ ಜೊತೆ ಮಾತಾಡಿ, ಹೀಗೆ. ಇದು ಸರಿಯಾದ ದಾರಿಯೇ? ಅಲ್ಲದಿದ್ದರೆ ಫಾರಂನಲ್ಲಿ ಏನು ಕೇಳಬೇಕು? 'ಎಲ್ಲರನ್ನೂ ಗೌರವದಿಂದ ಕಾಣಿ' ಅನ್ನುವ ತರಬೇತಿ ಸ್ಲೈಡ್ ಬೇಡ, ರೌಂಡ್ಸ್‌ನಲ್ಲಿ ಉಪಯೋಗಕ್ಕೆ ಬರುವಂಥದ್ದು ಹೇಳಿ.

ಉತ್ತರ: ಹಾಸಿಗೆ ಪಕ್ಕದ ಸ್ಟೂಲು

ಸಮುದಾಯವಾರು ಚಾರ್ಟ್ ಖಂಡಿತ ಬೇಡ. ಅದರಲ್ಲಿ ಹೆಸರಿರುವ ಸಮುದಾಯದ ರೋಗಿಯನ್ನು ಯಾರೂ ಏನೂ ಕೇಳುವುದಿಲ್ಲ, 'ಗೊತ್ತಿದೆಯಲ್ಲ' ಅಂದುಕೊಳ್ಳುತ್ತಾರೆ. ಹೆಸರಿಲ್ಲದವರನ್ನೂ ಕೇಳುವುದಿಲ್ಲ, 'ಇವರಿಗೆ ವಿಶೇಷವೇನೂ ಇಲ್ಲ' ಅಂತ. ಒಂದೇ ಮನೆಯಲ್ಲಿ ತಾಯಿ ಉಪವಾಸ ಬಿಡುವುದಿಲ್ಲ, ಮಗ ಹಿಡಿಯುವುದೇ ಇಲ್ಲ. ಧರ್ಮದ ಕಾಲಂನಲ್ಲಿ ಇಬ್ಬರದೂ ಒಂದೇ ಪದ. 1998ರಲ್ಲಿ ಟರ್ವಲಾನ್ ಮತ್ತು ಮರ್ರೆ-ಗಾರ್ಸಿಯಾ ಎಂಬ ಇಬ್ಬರು ವೈದ್ಯೆಯರು 'ಸಾಂಸ್ಕೃತಿಕ ವಿನಯ' ಎಂಬ ಮಾತು ಮುಂದಿಟ್ಟದ್ದು ಇದಕ್ಕೇ. ಪರರ ಸಂಸ್ಕೃತಿ ಓದಿ ಪಾಸಾಗುವ ಪರೀಕ್ಷೆ ಅಲ್ಲ, ಪ್ರತಿ ಸಲವೂ ರೋಗಿಯನ್ನೇ ಕೇಳಬೇಕು.

ಏನು ಕೇಳುವುದು? ಮನೋವೈದ್ಯ ಮತ್ತು ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ 1970ರ ದಶಕದ ಕೊನೆಯಲ್ಲಿ ರೂಪಿಸಿದ ಪ್ರಶ್ನಾವಳಿ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಎಂಟೂ ಪ್ರಶ್ನೆಗೆ ರೌಂಡ್ಸ್‌ನಲ್ಲಿ ಪುರುಸೊತ್ತು ಇರುವುದಿಲ್ಲ, ನಾಲ್ಕು ಸಾಕು: ಇದು ಯಾತರಿಂದ ಬಂತು ಅಂತ ನಿಮಗನ್ನಿಸುತ್ತದೆ? ಆ ಹೊತ್ತಿಗೇ ಯಾಕೆ ಶುರುವಾಯಿತು? ಇದರಲ್ಲಿ ನಿಮಗೆ ಹೆಚ್ಚು ಭಯ ಯಾವುದರದ್ದು? ಯಾವ ಥರದ ಚಿಕಿತ್ಸೆ ಬೇಕು ಅನ್ನಿಸುತ್ತದೆ?

ಮೊದಲನೆಯದನ್ನು ನೇರವಾಗಿ ಕೇಳಿದರೆ 'ಡಾಕ್ಟರು ನೀವು, ನನ್ನನ್ನು ಕೇಳಿದರೆ?' ಅಂತ ಉತ್ತರ ಬರುತ್ತದೆ. ಆಗ ಪ್ರಶ್ನೆಯನ್ನು ಸ್ವಲ್ಪ ಓರೆ ಮಾಡಿ: 'ಮನೆಯವರು, ಪರಿಚಯದವರು ಏನಂತಾರೆ?' ತನ್ನ ನಂಬಿಕೆಯನ್ನೇ ಪರರ ಮಾತಾಗಿ ಹೇಳುವುದು ರೋಗಿಗೆ ಸುಲಭ. ಇದು ಸೌಜನ್ಯದ ಪ್ರಶ್ನೆ ಅಂದುಕೊಂಡವರು ರಕ್ತದೊತ್ತಡದ ರೋಗಿಯ ಮಾತ್ರೆ ಎಣಿಸಿ ನೋಡಲಿ. ಒತ್ತಡ ಏರುವುದು ಚಿಂತೆಯಿಂದ ಮಾತ್ರ ಎಂದು ನಂಬಿದವರು ನೆಮ್ಮದಿಯ ದಿನ ಮಾತ್ರೆ ಬಿಡುತ್ತಾರೆ. ಅದು ಮರೆವಲ್ಲ, ಅವರ ಲೆಕ್ಕಕ್ಕೆ ಸರಿಯಾಗಿಯೇ ಇದೆ. 'ಹಾಗಲ್ಲ' ಎಂದು ವಾದಕ್ಕಿಳಿದರೆ ಮುಂದಿನ ಸಲ ಹೇಳುವುದನ್ನೇ ಬಿಡುತ್ತಾರೆ. ಮನೆಯಲ್ಲಿ ನೆಮ್ಮದಿಯಿಂದಿರುವ ಹೊತ್ತಿನಲ್ಲೂ ಬಿಪಿ ಅಳೆದು ಬರೆದಿಡಲು ಹೇಳಿ. ಸಂಖ್ಯೆ ಅವರ ಕಣ್ಣಿಗೇ ಬೀಳಲಿ.

ಇನ್ನು 'ರೋಗಿಗೆ ಹೇಳಬೇಡಿ' ಎಂದು ಮನೆಯವರು ಬಾಗಿಲಲ್ಲೇ ತಡೆಯುವ ಸಮಸ್ಯೆ. ಅದರ ಪರಿಹಾರ ರಿಪೋರ್ಟ್ ಬಂದ ಮೇಲೆ ಇಲ್ಲ, ಬಯಾಪ್ಸಿಗೆ ಮುಂಚೆ ಇದೆ. 'ಫಲಿತಾಂಶ ಬಂದಾಗ ಎಲ್ಲವನ್ನೂ ನಿಮಗೇ ಹೇಳಲಾ, ಯಾರಾದರೂ ಜೊತೆಗಿರಬೇಕಾ, ಅಥವಾ ನಿಮ್ಮ ಪರವಾಗಿ ಯಾರ ಹತ್ತಿರವಾದರೂ ಮಾತಾಡಬೇಕಾ?' ಎಂದು ರೋಗಿಯನ್ನು ಒಬ್ಬರೇ ಇದ್ದಾಗ ಕೇಳಿ, ಉತ್ತರವನ್ನು ಅವರದೇ ಮಾತಿನಲ್ಲಿ ದಿನಾಂಕ ಹಾಕಿ ಬರೆಯಿರಿ. ತಿಳಿಯದಿರುವುದನ್ನು ರೋಗಿ ತಾನೇ ಆರಿಸಿಕೊಂಡರೆ ಅದೂ ಅವರ ಹಕ್ಕು. ರಿಪೋರ್ಟ್ ಕೈಗೆ ಬಂದ ಮೇಲೆ ಇದೇ ಪ್ರಶ್ನೆ ಕೇಳಿದಿರೋ, ಪ್ರಶ್ನೆಯೇ ಸುದ್ದಿಯಾಗಿಬಿಡುತ್ತದೆ.

ಉತ್ತರ: ಫಾರ್ಮಸಿ ಕಿಟಕಿ

ಜನರ ಪಟ್ಟಿ ಬೇಡ ಅನ್ನುವುದು ಒಪ್ಪಿದೆ. ಆದರೆ ಔಷಧಿಗಳ ಪಟ್ಟಿ ಬೇಕೇ ಬೇಕು. 'ಪ್ರಾಣಿಮೂಲದ್ದು ಏನನ್ನೂ ತೆಗೆದುಕೊಳ್ಳುವುದಿಲ್ಲ' ಎಂದು ರೋಗಿ ಹೇಳಬಲ್ಲರು. ಯಾವ ಔಷಧಿ ಪ್ರಾಣಿಮೂಲದ್ದು ಅಂತ ಅವರಿಗೆ ಗೊತ್ತಿರಬೇಕಿಲ್ಲ, ನಮಗೆ ಗೊತ್ತಿರಬೇಕು. ಗೋಡೆಗೆ ಹಾಕುವುದಾದರೆ ಇದನ್ನು ಹಾಕಿ:

- ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ): ಸಾಮಾನ್ಯವಾಗಿ ಹಂದಿಯ ಕರುಳಿನ ಒಳಪದರದಿಂದ ತಯಾರಾಗುತ್ತದೆ. ಇನಾಕ್ಸಾಪ್ಯಾರಿನ್ ಕೂಡ ಅದರಿಂದಲೇ. ಪೂರ್ತಿ ಸಂಶ್ಲೇಷಿತವಾದದ್ದು ಫೊಂಡಾಪ್ಯಾರಿನಕ್ಸ್. ಆದರೆ ಅದು ಹೊರಹೋಗುವುದು ಮೂತ್ರಪಿಂಡದ ಮೂಲಕ, ಕ್ರಿಯಾಟಿನಿನ್ ಕ್ಲಿಯರೆನ್ಸ್ (ಮೂತ್ರಪಿಂಡ ರಕ್ತ ಸೋಸುವ ವೇಗದ ಅಳತೆ) ನಿಮಿಷಕ್ಕೆ 30 ಮಿ.ಲೀ.ಗಿಂತ ಕಡಿಮೆ ಇದ್ದರೆ ಕೊಡುವಂತಿಲ್ಲ. ರಕ್ತಸ್ರಾವವಾದರೆ, ಹೆಪಾರಿನ್ ಪ್ರಭಾವ ಇಳಿಸುವ ಪ್ರೋಟಮಿನ್ ಇದರ ಮೇಲೆ ಕೆಲಸ ಮಾಡುವುದಿಲ್ಲ.
- ಕ್ಯಾಪ್ಸೂಲ್ ಹೊದಿಕೆ: ಜೆಲಾಟಿನ್, ಅಂದರೆ ಹಂದಿ ಅಥವಾ ದನದ್ದು. ಮಾತ್ರೆ, ದ್ರವ ಅಥವಾ ಸಸ್ಯಮೂಲದ ಹೊದಿಕೆಯದು ಸಿಗುತ್ತದೆಯೇ ನೋಡಿ. ಬಿಚ್ಚಿ ಪುಡಿ ಕೊಡಿ ಅನ್ನುವ ಮುಂಚೆ ನಮ್ಮನ್ನು ಕೇಳಿ. ನಿಧಾನ ಬಿಡುಗಡೆಯ ಕ್ಯಾಪ್ಸೂಲಿನ ಕಾಳು ಪುಡಿಮಾಡಿದರೆ ಇಡೀ ದಿನದ ಔಷಧ ಒಮ್ಮೆಗೇ ಒಳಗೆ ಹೋಗುತ್ತದೆ.
- ಪ್ಯಾಂಕ್ರಿಯಾಟಿಕ್ ಕಿಣ್ವಗಳು (ಮೇದೋಜೀರಕ ಗ್ರಂಥಿ ಕೆಲಸ ಮಾಡದವರಿಗೆ ಊಟ ಜೀರ್ಣವಾಗಲು ಕೊಡುವಂಥವು): ಹಂದಿಮೂಲ. ಸರಿಸಮವಾದ ಬದಲಿ ಇಲ್ಲ, ಅದನ್ನು ಮುಚ್ಚಿಡದೆ ಹೇಳಬೇಕು.
- ಅವಧಿಗೆ ಮುನ್ನ ಹುಟ್ಟಿದ ಮಗುವಿನ ಶ್ವಾಸಕೋಶಕ್ಕೆ ಕೊಡುವ ಸರ್ಫ್ಯಾಕ್ಟಂಟ್: ಪೊರಾಕ್ಟಂಟ್ ಹಂದಿಯದು, ಬೆರಾಕ್ಟಂಟ್ ದನದ್ದು. ಹೆರಿಗೆ ಕೋಣೆಯಲ್ಲಿ ಕೇಳಲು ಹೊತ್ತಿರುವುದಿಲ್ಲ, ಅವಧಿಪೂರ್ವ ಹೆರಿಗೆಯ ಸೂಚನೆ ಕಂಡ ಕೂಡಲೇ ಮಾತಾಡಿ.
- ಹೃದಯದ ಜೈವಿಕ ಕವಾಟ: ದನದ ಹೃದಯಾವರಣ ಅಥವಾ ಹಂದಿಯ ಕವಾಟ. ಲೋಹದ್ದು ಆರಿಸಿಕೊಂಡರೆ ಜೀವಮಾನವಿಡೀ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ). ಎರಡನ್ನೂ ಒಟ್ಟಿಗೆ ತಿಳಿಸಿ ಸಹಿ ಪಡೆಯಿರಿ.

ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯಲ್ಲಿ ಕೆಲವು ತಯಾರಿಕೆಗೆ ಹಂದಿ ಜೆಲಾಟಿನ್ ಇದೆ, ಕೆಲವಕ್ಕಿಲ್ಲ. ಸಿರಪ್‌ಗಳಲ್ಲಿ ಆಲ್ಕೋಹಾಲ್ ಇದೆಯೇ ಎಂದು ಲೇಬಲ್ ನೋಡಿದರಾಯಿತು.

'ನಿಮ್ಮ ಧರ್ಮದಲ್ಲಿ ಪ್ರಾಣಾಪಾಯ ಇದ್ದಾಗ ನಡೆಯುತ್ತದಲ್ಲ' ಎಂದು ನಾವು ತೀರ್ಪು ಕೊಡುವುದು ಬೇಡ. ಬಹಳ ಪರಂಪರೆಗಳು ಹಾಗೆ ಹೇಳುವುದು ನಿಜ, ಅದನ್ನು ರೋಗಿಗೆ ಅವರ ಧರ್ಮಗುರುವೇ ಹೇಳಲಿ.

ಮನೆಮದ್ದಿನ ವಿಷಯ: 'ಬೇರೆ ಏನಾದರೂ ಔಷಧಿ ತಗೊಳ್ತೀರಾ?' ಎಂದರೆ 'ಇಲ್ಲ'. ಎಣ್ಣೆ, ಚೂರ್ಣ, ಕಷಾಯ, ಚಹಾ ಇವೆಲ್ಲ ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ. ಒಂದೊಂದನ್ನೂ ಹೆಸರು ಹಿಡಿದು ಕೇಳಿ, ಸಾಧ್ಯವಾದರೆ ತರಿಸಿ ನೋಡಿ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ವಾರ್ಫರಿನ್, ಸೈಕ್ಲೋಸ್ಪೋರಿನ್ (ಅಂಗ ಕಸಿಯಾದವರಿಗೆ ಕೊಡುವ ಔಷಧಿ), ಗರ್ಭನಿರೋಧಕ ಮಾತ್ರೆಗಳ ಪ್ರಭಾವ ತಗ್ಗಿಸುತ್ತದೆ. ಕೆಲವು ಭಸ್ಮ, ಕಣ್ಣಿನ ಕಪ್ಪುಗಳಲ್ಲಿ ಸೀಸ ಇರುತ್ತದೆ. ಕಾರಣ ತಿಳಿಯದ ಹೊಟ್ಟೆನೋವಿನ ಜೊತೆ ರಕ್ತಹೀನತೆ ಇದ್ದರೆ ಸೀಸದ ಮಟ್ಟ ನೋಡಿ.

ಉತ್ತರ: ಎರಡು ನಾಲಿಗೆ

ದುಭಾಷಿ ಕೆಲಸದ ಕಡೆಯಿಂದ. ನಿಮ್ಮ 'ಮಾತೃಭಾಷೆ' ಕಾಲಂ ಒಡೆದು ಮೂರು ಮಾಡಿ: ಕಾಯಿಲೆ ಬಗ್ಗೆ ಮಾತಾಡಲು ಯಾವ ಭಾಷೆ, ಓದಲು ಯಾವ ಭಾಷೆ, ಓದಲು ಬರುತ್ತದೆಯೇ. ಮನೆಮಾತಿನಲ್ಲಿ ಅಚ್ಚು ಹಾಕಿಸಿದ ಡಿಸ್ಚಾರ್ಜ್ ಚೀಟಿಯನ್ನು ಓದಲಾಗದವರು ಬೇಕಾದಷ್ಟು ಜನ.

ಒಪ್ಪಿಗೆ ಪತ್ರ, ಕೆಟ್ಟ ಸುದ್ದಿ, ಲೈಂಗಿಕ ಆರೋಗ್ಯ, ಮಾನಸಿಕ ಆರೋಗ್ಯ, ಮನೆಯಲ್ಲಿ ಹಿಂಸೆಯ ಅನುಮಾನ: ಇವಕ್ಕೆ ಬಂಧುಗಳನ್ನು ದುಭಾಷಿ ಮಾಡಬೇಡಿ, ಮಕ್ಕಳನ್ನಂತೂ ಯಾವುದಕ್ಕೂ ಬೇಡ. ಬಂಧುಗಳು ಸುಳ್ಳು ಹೇಳುತ್ತಾರೆ ಅಂತಲ್ಲ. ನೋವಾಗಬಾರದು ಎಂದು ಮೆದು ಮಾಡುತ್ತಾರೆ, ಮುಜುಗರದ್ದು ಬಿಡುತ್ತಾರೆ, ತಮಗೆ ಗೊತ್ತಿರುವ ಉತ್ತರವನ್ನು ಕೇಳದೆಯೇ ಕೊಟ್ಟುಬಿಡುತ್ತಾರೆ. ತುರ್ತು ಇದ್ದರೆ ಯಾರು ಸಿಕ್ಕರೆ ಅವರು. ಆದರೆ ಯಾರು ಅನುವಾದಿಸಿದರು ಎಂದು ಬರೆದಿಟ್ಟು, ದುಭಾಷಿ ಸಿಕ್ಕ ಮೇಲೆ ಅದೇ ಮಾತುಕತೆ ಮತ್ತೆ ಮಾಡಿ.

ಒಳಗೆ ಹೋಗುವ ಮುಂಚೆ ವಿಷಯ ಏನು, ಕೆಟ್ಟ ಸುದ್ದಿ ಇದೆಯೇ ಎಂದು ದುಭಾಷಿಗೆ ಒಂದೆರಡು ನಿಮಿಷ ಹೇಳಿ. ಅವರನ್ನು ರೋಗಿಯ ಪಕ್ಕ, ಒಂದಿಷ್ಟು ಹಿಂದೆ ಕೂರಿಸಿ, ಆಗ ನಿಮ್ಮ ಕಣ್ಣು ರೋಗಿಯ ಮೇಲೇ ಇರುತ್ತದೆ. 'ಇವರಿಗೆ ನೋವು ಯಾವಾಗಿಂದ ಅಂತ ಕೇಳಿ' ಅನ್ನಬೇಡಿ, 'ನಿಮಗೆ ನೋವು ಯಾವಾಗಿಂದ?' ಅನ್ನಿ. ಒಂದೆರಡು ವಾಕ್ಯಕ್ಕೆ ನಿಲ್ಲಿಸಿ. ರೋಗಿ ಒಂದು ನಿಮಿಷ ಮಾತಾಡಿದ್ದು ನಿಮಗೆ 'ಹೌದಂತೆ' ಎಂದಷ್ಟೇ ತಲುಪಿದರೆ ಅಲ್ಲೇ ತಡೆದು ಪೂರ್ತಿ ಹೇಳಲು ಕೇಳಿ.

'ಅರ್ಥ ಆಯ್ತಾ?' ಎಂಬುದಕ್ಕೆ ಎಲ್ಲ ಭಾಷೆಯಲ್ಲೂ ಉತ್ತರ ಒಂದೇ, ಹೂಂ. ಬದಲಿಗೆ: 'ನಾನು ಸರಿಯಾಗಿ ಹೇಳಿದೆನಾ ಅಂತ ನೋಡಬೇಕು, ಮನೆಗೆ ಹೋದ ಮೇಲೆ ಈ ಮಾತ್ರೆ ಎಷ್ಟು, ಯಾವಾಗ ತಗೊಳ್ತೀರಿ ಹೇಳಿ.' ಡೋಸ್ ಅನ್ನು ಬಾಯಲ್ಲಿ ಹೇಳಿಸಿದರೆ ಸಾಲದು, ಸಿರಿಂಜಿನಲ್ಲಿ ಎಳೆದು ತೋರಿಸಲಿ.

ಮರುಪ್ರಶ್ನೆ: ವಾರ್ಡ್ ಉಸ್ತುವಾರಿ

ಉಪಕಾರವಾಯಿತು. ಎರಡು ವಿಷಯ ಉಳಿದಿವೆ: ಸಕ್ಕರೆ ಕಾಯಿಲೆಯವರ ಉಪವಾಸ, ರಕ್ತ ನಿರಾಕರಣೆ.

ಉತ್ತರ: ಇನ್ಸುಲಿನ್ ಲೆಕ್ಕ

ಉಪವಾಸದ್ದು ಹೇಳುತ್ತೇನೆ. 'ಮಾಡಬೇಡಿ' ಎಂದು ಮಾತು ಮುಗಿಸಿದರೆ ಗುಟ್ಟಾಗಿ ಮಾಡುತ್ತಾರೆ, ಡೋಸ್ ಮಾತ್ರ ಹಳೆಯದೇ ಇರುತ್ತದೆ. ಅಪಾಯ ಇರುವುದು ಅಲ್ಲಿ. ರಂಜಾನ್ ಆದರೆ 6ರಿಂದ 8 ವಾರ ಮುಂಚೆಯೇ ಕೂತು ಯೋಜನೆ ಮಾಡಿ. ಟೈಪ್ 1, ಡಯಾಲಿಸಿಸ್‌ನಲ್ಲಿರುವವರು, ಇತ್ತೀಚೆಗೆ ಕೀಟೋಅಸಿಡೋಸಿಸ್ (ಇನ್ಸುಲಿನ್ ಸಾಲದೆ ರಕ್ತ ಆಮ್ಲೀಯವಾಗುವುದು) ಅಥವಾ ತೀವ್ರ ಹೈಪೋ (ಸಕ್ಕರೆ ತೀರಾ ಕುಸಿಯುವುದು) ಆದವರು, ಹೈಪೋ ಆದರೂ ಗೊತ್ತಾಗದವರು: ಇವರಿಗೆ ಬೇಡ ಎಂದು ಸ್ಪಷ್ಟವಾಗಿ, ಕಾರಣ ಸಮೇತ ಹೇಳಿ. ಉಳಿದವರಲ್ಲಿ ಗ್ಲಿಬೆನ್‌ಕ್ಲಮೈಡ್ ಎಂಬ ಸಕ್ಕರೆ ಮಾತ್ರೆ ತೆಗೆಯಿರಿ, ಹೈಪೋ ತರುವುದರಲ್ಲಿ ಅದು ಮುಂದು. ದಿನಕ್ಕೊಮ್ಮೆಯ ಬೇಸಲ್ (ನಿಧಾನವಾಗಿ, ದೀರ್ಘಕಾಲ ಕೆಲಸ ಮಾಡುವ) ಇನ್ಸುಲಿನ್ ಅನ್ನು ಶೇ. 15ರಿಂದ 30 ಇಳಿಸಿ ಇಫ್ತಾರ್ ಹೊತ್ತಿಗೆ ಕೊಡಿ. ಎರಡು ಹೊತ್ತಿನ ಮಿಶ್ರ ಇನ್ಸುಲಿನ್ ಆದರೆ ಬೆಳಗಿನ ದೊಡ್ಡ ಡೋಸ್ ಇಫ್ತಾರ್‌ಗೆ ಹೋಗುತ್ತದೆ, ಸಹರಿ (ನಸುಕಿನ ಊಟ) ಹೊತ್ತಿನ ಡೋಸ್ ಶೇ. 25ರಿಂದ 50 ತಗ್ಗುತ್ತದೆ. ಜನ ಎಡವುವುದು ಇಲ್ಲೇ: ಹಗಲಿಡೀ ಊಟವಿಲ್ಲದಿದ್ದರೂ ಬೆಳಗಿನ ಡೋಸನ್ನು ಬೆಳಗ್ಗೆಯೇ ಚುಚ್ಚಿಕೊಳ್ಳುತ್ತಾರೆ.

ಸಕ್ಕರೆ 70ಕ್ಕಿಂತ ಕೆಳಗೆ ಅಥವಾ 300ರ ಮೇಲೆ ಹೋದರೆ ಉಪವಾಸ ಮುರಿಯಬೇಕು. ಬೆರಳು ಚುಚ್ಚಿ ರಕ್ತ ನೋಡಿದರೆ ಉಪವಾಸ ಮುರಿಯುವುದಿಲ್ಲ ಎಂಬುದು ವಿದ್ವಾಂಸರ ವ್ಯಾಪಕ ಅಭಿಪ್ರಾಯ. ಇದನ್ನು ನೀವಾಗಿಯೇ ಪ್ರಸ್ತಾಪಿಸಿ, ಇಲ್ಲವಾದರೆ ಹಗಲು ಪರೀಕ್ಷೆಯೇ ನಡೆಯುವುದಿಲ್ಲ. ನೀರೂ ಇಲ್ಲದ ಯಾವುದೇ ಉಪವಾಸವಾದರೂ ಲಿಥಿಯಂ (ಮಾನಸಿಕ ಕಾಯಿಲೆಗೆ ಕೊಡುವ ಔಷಧಿ) ಸೇವಿಸುವವರ ಬಗ್ಗೆ ಎಚ್ಚರ, ದೇಹದ ನೀರು ಕಡಿಮೆಯಾದಂತೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ.

ಉತ್ತರ: ಹಾಸಿಗೆ ಪಕ್ಕದ ಸ್ಟೂಲು

ರಕ್ತದ್ದು: ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರು ಇಡೀ ರಕ್ತ, ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಬೇಡ ಅನ್ನುತ್ತಾರೆ. ಆಲ್ಬುಮಿನ್, ಇಮ್ಯುನೊಗ್ಲೋಬ್ಯುಲಿನ್, ಹೆಪ್ಪುಗಟ್ಟಿಸುವ ಘಟಕಗಳು, ತಮ್ಮದೇ ರಕ್ತವನ್ನು ಶಸ್ತ್ರಚಿಕಿತ್ಸೆಯಲ್ಲಿ ಹಿಡಿದು ಮರಳಿಸುವ ಯಂತ್ರ, ಇವು ಒಬ್ಬೊಬ್ಬರ ಮನಸ್ಸಾಕ್ಷಿಗೆ ಬಿಟ್ಟದ್ದು. ಹಾಗಾಗಿ 'ರಕ್ತ ಬೇಡ' ಎಂದು ಒಂದೇ ಸಾಲು ಬರೆದರೆ ಪ್ರಯೋಜನವಿಲ್ಲ, ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಬೇಕು. ಬಂಧುಗಳನ್ನೂ ಸಭೆಯ ಹಿರಿಯರನ್ನೂ ಹೊರಗೆ ಕಳಿಸಿ ಕೇಳಿ. ಯೋಜಿತ ಶಸ್ತ್ರಚಿಕಿತ್ಸೆಯಾದರೆ ವಾರಗಟ್ಟಲೆ ಮುಂಚೆ ಹಿಮೋಗ್ಲೋಬಿನ್ ನೋಡಿ ಕಬ್ಬಿಣಾಂಶ ತುಂಬಿ, ರಕ್ತಸ್ರಾವ ತಗ್ಗಿಸುವ ಟ್ರನೆಕ್ಸಾಮಿಕ್ ಆಮ್ಲ ಸಿದ್ಧವಿರಲಿ, ಪರೀಕ್ಷೆಗೆ ಮಕ್ಕಳ ಚಿಕ್ಕ ಟ್ಯೂಬ್‌ನಲ್ಲೇ ರಕ್ತ ತೆಗೆಯಿರಿ. ಕೆಂಪುಕಣ ಹೆಚ್ಚಿಸುವ ಎರಿಥ್ರೊಪೊಯೆಟಿನ್ ಕೊಡುವುದಾದರೆ ಅದರಲ್ಲಿ ಆಲ್ಬುಮಿನ್ ಇದೆಯೇ ನೋಡಿ. ಮಕ್ಕಳ ವಿಷಯಕ್ಕೆ ಕಾನೂನು ಬೇರೆ, ಆಸ್ಪತ್ರೆಯ ಕಾನೂನು ಸಲಹೆಗಾರರನ್ನು ಮೊದಲೇ ಕರೆಯಿರಿ.

ಕೇಳದಿದ್ದರೂ ಒಂದು ಮಾತು. ಸಂಸ್ಕೃತಿ ಅಂತ ಹೊರಟಾಗ ಚರ್ಮದ ಬಣ್ಣ ಮರೆಯುತ್ತೇವೆ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಪಲ್ಸ್ ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗಲೂ ಅಪಧಮನಿಯ ರಕ್ತದಲ್ಲಿ ಆಮ್ಲಜನಕ 88ಕ್ಕಿಂತ ಕೆಳಗಿದ್ದದ್ದು ಬಿಳಿಯರಿಗಿಂತ ಕಪ್ಪುವರ್ಣೀಯರಲ್ಲಿ ಸುಮಾರು ಮೂರು ಪಟ್ಟು. ಉಸಿರಾಟ ನೋಡಿ ಅನುಮಾನ ಬಂದರೆ ಮೀಟರ್ ನಂಬದೆ ಎಬಿಜಿ (ಅಪಧಮನಿಯ ರಕ್ತದ ಅನಿಲ ಪರೀಕ್ಷೆ) ಮಾಡಿ. ಕಪ್ಪು ಚರ್ಮದಲ್ಲಿ ಒತ್ತಡದ ಹುಣ್ಣಿನ ಮೊದಲ ಹಂತ ಕೆಂಪಾಗಿ ಕಾಣುವುದಿಲ್ಲ, ಕೈಯಿಟ್ಟು ಬಿಸಿ, ಗಡಸುತನ ನೋಡಬೇಕು. ಹುಟ್ಟುವಾಗಲೇ ಬೆನ್ನ ಕೆಳಗಿರುವ ನೀಲಿ-ಬೂದು ಮಚ್ಚೆಯನ್ನು ಅಂದೇ ಗುರುತಿಸಿ ಬರೆಯದಿದ್ದರೆ ಮುಂದೆ ಯಾರೋ ಅದನ್ನು ಹೊಡೆತದ ಗಾಯ ಅಂತಾರೆ.

ಉತ್ತರ: ಫಾರ್ಮಸಿ ಕಿಟಕಿ

ಫಾರಂ ಬದಲಿಸುವಾಗ ಒಂದು ಕೋರಿಕೆ. ರೋಗಿ ನಂಬಿಕೆಯ ಕಾರಣಕ್ಕೆ ಬೇಡ ಅಂದದ್ದನ್ನು ಅಲರ್ಜಿ ಕಾಲಂನಲ್ಲಿ ಬರೆಯಬೇಡಿ. ಕೆಂಪಕ್ಷರದಲ್ಲಿ ಎದ್ದು ಕಾಣುತ್ತದೆ ಎಂದು ಬರೆಯುವವರಿದ್ದಾರೆ. 'ಹೆಪಾರಿನ್ ಅಲರ್ಜಿ' ಎಂದು ಒಮ್ಮೆ ಬಿದ್ದರೆ ಮುಂದಿನ ಆಸ್ಪತ್ರೆಯವರು ಪ್ಲೇಟ್‌ಲೆಟ್ ಕುಸಿಯುವ ಪ್ರತಿಕ್ರಿಯೆ ಆಗಿತ್ತೇನೋ ಎಂದು ಪರೀಕ್ಷೆಗೆ ಹೊರಡುತ್ತಾರೆ, ರೋಗಿ ಮನಸ್ಸು ಬದಲಿಸಿ ಒಪ್ಪಿದರೂ ಕೊಡಲು ಹೆದರುತ್ತಾರೆ. 'ರೋಗಿಯ ಆಯ್ಕೆ' ಅಂತ ಅದರ ಕೆಳಗೇ ಬೇರೆ ಪೆಟ್ಟಿಗೆ ಮಾಡಿ. ಏನು ಬೇಡ, ಜೀವಕ್ಕೆ ಅಪಾಯ ಇದ್ದಾಗಲೂ ಬೇಡವೇ, ಯಾರು ಯಾವ ದಿನ ಕೇಳಿದ್ದು, ಈ ಮೂರು ಸಾಲು. ಪ್ರತಿ ಸಲ ಸೇರಿದಾಗಲೂ ಹೊಸದಾಗಿ ಕೇಳಿ ತುಂಬಿಸಿ, ಹಳೆಯದನ್ನು ನಕಲು ಮಾಡಬೇಡಿ.