ಹೊಸ ಆರ್ಕಿಟೆಕ್ಟ್‌ಗಳಲ್ಲಿ ಕಸುವು ಗುರುತಿಸುವುದು ಹೇಗೆ? ಗುಂಪಿನ ಪ್ರಶ್ನೋತ್ತರ

ಪೋಷಕರು, ಹುಬ್ಬಳ್ಳಿ: ಮಗನಿಗೆ ನಾಟಾದಲ್ಲಿ ಒಳ್ಳೆ ಅಂಕ ಬಂದಿದೆ. ಮುಂದೆ ಒಳ್ಳೆ ಆರ್ಕಿಟೆಕ್ಟ್ ಆಗ್ತಾನೆ ಅಲ್ವಾ ಮೇಡಂ?

ಆರ್ಕಿಟೆಕ್ಟ್: ನಾಟಾ ಅಂದರೆ ಆರ್ಕಿಟೆಕ್ಚರ್ ಕೋರ್ಸಿನ ಪ್ರವೇಶ ಪರೀಕ್ಷೆ, ಅಷ್ಟೇ. ಕೋರ್ಸ್ 5 ವರ್ಷ. ಜ್ಯೂರಿಯಲ್ಲಿ, ಅಂದರೆ ಕಾಲೇಜಿನಲ್ಲಿ ಅವನ ಡಿಸೈನ್ ಪರಿಶೀಲಿಸುವವರ ಮುಂದೆ, ಬೈಸಿಕೊಂಡ ಮೇಲೆ ಅದೇ ಪ್ಲಾನನ್ನು ಮತ್ತೆ ಬಿಡಿಸುತ್ತಾನಾ ನೋಡಿ. ಅದು ಅಂಕಕ್ಕಿಂತ ಜಾಸ್ತಿ ಹೇಳುತ್ತದೆ.

ಹೊಸ ಆಫೀಸು, ಮೈಸೂರು: ಜೂನಿಯರ್ ಬೇಕು. ಪೋರ್ಟ್‌ಫೋಲಿಯೊಗಳೆಲ್ಲ ಒಂದೇ ತರ ಮಿಂಚುತ್ತವೆ. ಏನು ನೋಡಲಿ?

ಆರ್ಕಿಟೆಕ್ಟ್: ರೆಂಡರ್ ಪುಟಗಳನ್ನು (ಕಂಪ್ಯೂಟರಿನಲ್ಲಿ ಮಾಡಿದ ಅಂದದ ಚಿತ್ರಗಳನ್ನು) ಬದಿಗಿಡಿ, ಒಂದು ಸೆಕ್ಷನ್, ಅಂದರೆ ಕಟ್ಟಡವನ್ನು ಸೀಳಿ ಒಳಗನ್ನು ತೋರಿಸುವ ಚಿತ್ರ ಕೇಳಿ. ಮಳೆ ನೀರು ಎಲ್ಲಿಗೆ ಹೋಗುತ್ತದೆ? ಸಂಜೆ ಬಿಸಿಲು ಯಾವ ಕೋಣೆಗೆ ಬೀಳುತ್ತದೆ? ಗೊತ್ತಿಲ್ಲದಿದ್ದರೂ ಪೆನ್ಸಿಲ್ ಹಿಡಿದು ಯೋಚಿಸುವವರನ್ನು ತಗೊಳ್ಳಿ. 1981ರಲ್ಲಿ ವಾಷಿಂಗ್ಟನ್ನಿನ ವಿಯೆಟ್ನಾಂ ಯೋಧರ ಸ್ಮಾರಕಕ್ಕೆ 1,421 ವಿನ್ಯಾಸಗಳು ಬಂದಿದ್ದವು. ತೀರ್ಪುಗಾರರಿಗೆ ಹೆಸರು ಕಾಣುತ್ತಿರಲಿಲ್ಲ. ಗೆದ್ದದ್ದು 21 ವರ್ಷದ ವಿದ್ಯಾರ್ಥಿನಿ ಮಾಯಾ ಲಿನ್. ಚಿತ್ರ ತೀರಾ ಸರಳ, ಆದರೆ ಯೋಚನೆ ಗಟ್ಟಿ. ಆ ಸ್ಮಾರಕದ ಗೋಡೆಯ ಕಪ್ಪು ಕಲ್ಲು ಹೋದದ್ದು ನಮ್ಮ ಬೆಂಗಳೂರಿನ ಕಡೆಯಿಂದ.

ಸದಸ್ಯರು, ದಾವಣಗೆರೆ: (ಫಾರ್ವರ್ಡ್) ಎಡಗೈಯಲ್ಲಿ ವೃತ್ತ ಬರೆಸಿ. ಸರಿಯಾಗಿ ಬಂದರೆ ಹುಟ್ಟು ಡಿಸೈನರ್. 10 ಜನಕ್ಕೆ ಕಳಿಸಿ.

ಆರ್ಕಿಟೆಕ್ಟ್: ಇದಕ್ಕೆ ಯಾವ ಆಧಾರವೂ ಇಲ್ಲ. ಇಂಥದ್ದನ್ನು ನಂಬಿ ಮಕ್ಕಳನ್ನು ಅಳೆಯಬೇಡಿ. ದಯವಿಟ್ಟು ಇನ್ನೊಬ್ಬರಿಗೂ ಕಳಿಸಬೇಡಿ.

ಜೂನಿಯರ್, ಬೆಂಗಳೂರು: ಕೆಲಸಕ್ಕೆ ಸೇರಿ ಎರಡು ವರ್ಷ. ಬರೀ ಟಾಯ್ಲೆಟ್ ಡೀಟೇಲ್ ಕೊಡ್ತಾರೆ. ಒಂದು ಸೈಟಿನಲ್ಲಿ ಟ್ರ್ಯಾಪ್ (ನೆಲದ ನೀರು ಹೋಗೋ ಜಾಲರಿ) ಬಾಗಿಲ ಪಕ್ಕ ಇತ್ತು, ಸೋಪಿನ ನೀರೆಲ್ಲ ಬಾಗಿಲ ಕಡೆಗೇ ಹರೀತಿತ್ತು. ಪ್ಲಂಬರ್ ಹತ್ರ ಮಾತಾಡಿ ಆರು ಟಾಯ್ಲೆಟ್ ತಿದ್ದಿ ಬರೆದೆ. ಆದರೂ "ನಿನಗೆ ಡಿಸೈನ್ ಸೆನ್ಸ್ ಇಲ್ಲ" ಅಂದರು. ಈಗ ಸ್ಕೆಚ್ ಪುಸ್ತಕ ಮುಟ್ಟೋಕೂ ಮನಸ್ಸಿಲ್ಲ. ಬಿಟ್ಟುಬಿಡಲಾ?

ಆರ್ಕಿಟೆಕ್ಟ್: ತಾಯಿ, ನಿಧಾನವಾಗಿ ಓದು. ಯಾರೂ ಹೇಳದೆ ಸೈಟಿಗೆ ಹೋಗಿ ತಪ್ಪು ಕಂಡೆ. ಕಂಡು ಸುಮ್ಮನಿರಲಿಲ್ಲ. ಕೆಲಸ ಗೊತ್ತಿದ್ದವನನ್ನು ಕೇಳಿದೆ, ಹಾಳೆ ತಿದ್ದಿದೆ. ನಾನು ಜೂನಿಯರ್‌ಗಳಲ್ಲಿ ಹುಡುಕುವುದು ಇದನ್ನೇ. ಸಾಫ್ಟ್‌ವೇರನ್ನು ಆರು ತಿಂಗಳಲ್ಲಿ ಕಲಿಸಬಹುದು. ಈ ಕಣ್ಣನ್ನು ಹಾಗೆ ಕಲಿಸಲು ಆಗುವುದಿಲ್ಲ. ಆ ಆರು ಟಾಯ್ಲೆಟ್ಟೇ ನಿನ್ನ ಪೋರ್ಟ್‌ಫೋಲಿಯೊದ ಮೊದಲ ಪುಟ ಆಗಲಿ: ಹಳೆ ಹಾಳೆ, ಸೈಟಿನ ಫೋಟೊ, ತಿದ್ದಿದ ಹಾಳೆ. ಎಷ್ಟು ನಿನ್ನ ಕೆಲಸ, ಎಷ್ಟು ಆಫೀಸಿನದು ಅಂತ ಸ್ಪಷ್ಟವಾಗಿ ಬರಿ. ಸ್ಲ್ಯಾಬ್ ಹಾಕುವ ದಿನ ಸೈಟಿಗೆ ಕಳಿಸಿ ಅಂತ ಕೇಳು. ಮೂರು ತಿಂಗಳು ನೋಡು. ಏನೂ ಬದಲಾಗದಿದ್ದರೆ ಬೇರೆ ಆಫೀಸು ಹುಡುಕು. ಅದು ಸಿಗುವ ತನಕ ರಾಜೀನಾಮೆ ಬೇಡ. ಸ್ಕೆಚ್ ಪುಸ್ತಕ ಮುಟ್ಟದೇ ಇರೋದು ನನಗೆ ಜಾಸ್ತಿ ಚಿಂತೆ. ಮನೆಯವರ ಹತ್ರ ಮಾತಾಡು. ನನಗೂ ಇನ್‌ಬಾಕ್ಸ್‌ನಲ್ಲಿ ಬರಿ.

ಸಿವಿಲ್ ಇಂಜಿನಿಯರ್, ತುಮಕೂರು: ಟ್ರ್ಯಾಪ್ ಎಲ್ಲಿ ಅಂತ ನಮ್ಮ ಮೇಸ್ತ್ರಿಗೂ ಗೊತ್ತು. ಅದಕ್ಕೆ 5 ವರ್ಷ ಓದಬೇಕಾ? ಜಪಾನಿನ ಹೆಸರಾಂತ ಆರ್ಕಿಟೆಕ್ಟ್ ತಡಾವೊ ಆಂಡೊ ಯಾವ ಆರ್ಕಿಟೆಕ್ಚರ್ ಕಾಲೇಜಿಗೆ ಹೋಗಿದ್ದರು?

ವಿದ್ಯಾರ್ಥಿ, ಮಂಗಳೂರು: ಆಂಡೊ ಸ್ವಂತವಾಗಿ ಓದಿದರು, ಊರೂರು ತಿರುಗಿ ಕಟ್ಟಡ ನೋಡಿದರು. 1995ರಲ್ಲಿ ಆರ್ಕಿಟೆಕ್ಚರಿನ ದೊಡ್ಡ ಪ್ರಶಸ್ತಿ ಪ್ರಿಟ್ಜ್ಕರ್ ಬಂತು. ಓದದೇ ಕೂತವರಿಗೆ ಬರಲಿಲ್ಲ.

ಸಿವಿಲ್ ಇಂಜಿನಿಯರ್: ನಾವು ಓದಿಲ್ಲ ಅಂತೀಯಾ? ಪ್ಲಾನ್ ಮಾಡೋಕೆ ನಮಗೂ ಹಕ್ಕಿದೆ. 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಆರ್ಕಿಟೆಕ್ಟ್: ಅರ್ಧ ಹೇಳಬೇಡಿ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಡಿ ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಅಂತ ಹೆಸರು ಹಾಕಿಕೊಳ್ಳುವಂತಿಲ್ಲ. ಕೆಲಸ ಮಾಡಲು ಅಡ್ಡಿಯಿಲ್ಲ ಅಂತ ಕೋರ್ಟ್ ಹೇಳಿದ್ದು. ಇಲ್ಲಿ ಕೇಳಿರುವುದು ಆ ವಿಷಯ ಅಲ್ಲ.

ವಿದ್ಯಾರ್ಥಿ, ಮಂಗಳೂರು: ಅವರಿಗೆ ಬೇರೆ ಮಾತೇ ಬರಲ್ಲ ಮೇಡಂ.

ಸಿವಿಲ್ ಇಂಜಿನಿಯರ್: ಮೊದಲು ಒಂದು ಮನೆ ಕಟ್ಟು, ಆಮೇಲೆ ಮಾತಾಡು.

ಪೋಷಕರು, ಶಿವಮೊಗ್ಗ: ಮೇಡಂ, ನಾಟಾದಲ್ಲಿ ಎಷ್ಟು ಬಂದರೆ ಪ್ರತಿಭೆ ಇದೆ ಅಂತ?

ಆರ್ಕಿಟೆಕ್ಟ್: ಮೊದಲನೇ ಉತ್ತರ ಓದಿ.

ಇಂಟರ್ನ್, ಧಾರವಾಡ: ಟ್ರೈನಿಂಗ್‌ಗೆ ಸ್ಟೈಪೆಂಡ್ ಕೊಡದ ಆಫೀಸಿಗೆ ಸೇರಬಹುದಾ?

ಸದಸ್ಯರು, ದಾವಣಗೆರೆ: (ಫಾರ್ವರ್ಡ್) ಜಾತಕದಲ್ಲಿ ಶುಕ್ರ ಬಲವಾಗಿದ್ದರೆ...

ಆರ್ಕಿಟೆಕ್ಟ್: ಅಡ್ಮಿನ್, ಇವರ ಫಾರ್ವರ್ಡ್ ನಿಲ್ಲಿಸಿ. ಇನ್ನೊಂದು ಬಂದರೆ ನಾನು ಉತ್ತರಿಸುವುದಿಲ್ಲ.

ಜೂನಿಯರ್, ಬೆಂಗಳೂರು: ಮೇಡಂ, ತಿದ್ದಿದ ಹಾಳೆ ಇನ್‌ಬಾಕ್ಸ್‌ಗೆ ಹಾಕಿದ್ದೇನೆ.

ಆರ್ಕಿಟೆಕ್ಟ್: ನೋಡಿದೆ. ಮೂರನೇ ಟಾಯ್ಲೆಟ್ಟಿನಲ್ಲಿ ಇಳಿಜಾರಿನ ಬಾಣ ಉಲ್ಟಾ ಇದೆ. ಉಳಿದದ್ದು ಚೆನ್ನಾಗಿದೆ. ಸರಿಮಾಡಿ ಕಳಿಸು.

ಇಂಟರ್ನ್, ಧಾರವಾಡ: ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.