ಖಾಲಿ ಸೀಟಿನಲ್ಲಿ "ಜನ ಇದ್ದಾರೆ"

ಹುಲೇಕಲ್ ರಸ್ತೆಯ ಅಕ್ಕ: ನಿನ್ನೆ ಶಿರಸಿಯಲ್ಲಿ ಕುಮಟಾ ಬಸ್ಸಿಗೆ ಬಾಗಿಲಿನಿಂದ ಮೊದಲು ಹತ್ತಿದವಳು ನಾನು. ಬಸ್ಸು ಮೊದಲೇ ತುಂಬಿ ಬಂದಿತ್ತು. ಮೂರನೇ ಸಾಲಿನ ಒಂದು ಸೀಟು ಮಾತ್ರ ಖಾಲಿ, ಮೇಲೊಂದು ಕೆಂಪು ಅಂಚಿನ ಟವೆಲ್. "ಇಲ್ಲಿ ಯಾರಾದ್ರೂ ಇದ್ದಾರಾ?" ಅಂದೆ. ಪಕ್ಕದವರು "ಜನ ಇದ್ದಾರೆ" ಅಂದರು. ಐದು ವರ್ಷದ ಮಗಳು ಸೀಟಿನ ಅಡಿಗೆ ಬಗ್ಗಿ ನೋಡಿ, "ಎಲ್ಲಿ ಆಯಿ?" ಅಂತ ಕೇಳಿದಳು. ಟವೆಲ್‌ನವರು ಚಹಾ ಕುಡಿದು, ಬಸ್ಸು ಹೊರಡುವಾಗ ಬಂದು ಕೂತರು. ದೇವಿಮನೆ ಘಟ್ಟದ ತಿರುವುಗಳಲ್ಲೆಲ್ಲ ಮಗಳನ್ನು ಹಿಡಿದುಕೊಂಡು ನಿಂತೇ ಇದ್ದೆ. ಕಿಟಕಿಯಿಂದ ಎಸೆದ ಟವೆಲ್‌ಗೆ ಸೀಟಿನ ಹಕ್ಕು ಉಂಟಾ?

ಯಲ್ಲಾಪುರದ ತಮ್ಮ: ಉಂಟು ಅಕ್ಕಾ. ಅವರು ನಿಮಗಿಂತ ಮೊದಲೇ ಬಂದು ಕಾದಿರಬಹುದು. ನನ್ನ ಅಪ್ಪನಿಗೆ ಮಂಡಿ ನೋವು, ಬಾಗಿಲ ನೂಕಾಟದಲ್ಲಿ ಹತ್ತಲು ಆಗುವುದಿಲ್ಲ. ಮದುವೆ ಮನೆಯಲ್ಲಿ ಊಟದ ಹಂತಿಗೆ ಕೂರುವಾಗ ಪಕ್ಕದ ಎಲೆಯನ್ನು ತಂಗಿಗೆ ಅಂತ ಹಿಡಿಯುವುದಿಲ್ವಾ?

ಹುಲೇಕಲ್ ರಸ್ತೆಯ ಅಕ್ಕ: ಮೊದಲ ಹಂತಿ ತಪ್ಪಿದರೆ ಎರಡನೇ ಹಂತಿ ಉಂಟು. ಅದೇ ಪಾಯಸ ಸಿಗುತ್ತದೆ. ಬಸ್ಸಿನಲ್ಲಿ ಎರಡನೇ ಹಂತಿ ಎಲ್ಲಿ ತಮ್ಮಾ?

ಕೋಡಿಬಾಗದವಳು: ಕಾರವಾರದ ನಮ್ಮ ಮನೆಯ ಕೊಂಕಣಿಯಲ್ಲಿ "ಬಸ" ಅಂದರೆ ಕೂತ್ಕೋ. ಚಿಕ್ಕವಳಿದ್ದಾಗ ಬಸ್ಸಿಗೆ ಆ ಹೆಸರು ಬಂದದ್ದೇ ಎಲ್ಲರೂ ಕೂರಲಿ ಅಂತ ಎಂದುಕೊಂಡಿದ್ದೆ. ಈಗಲೂ ನಿಂತು ಹೋಗುವಾಗ ಅದೇ ನೆನಪಾಗುತ್ತದೆ. ನಾನು ಹುಲೇಕಲ್ ಅಕ್ಕನ ಕಡೆ.

ಬಿಡಕಿಬೈಲಿನ ಭಾವ: ನಮ್ಮ ಮಾತನ್ನೇ ಸ್ವಲ್ಪ ನೋಡಿ. ಕನ್ನಡದಲ್ಲಿ ಜನ ಮಾತ್ರ ಕೂರುವುದಲ್ಲ. ಹಕ್ಕಿ ಕೂರುತ್ತದೆ, ಧೂಳು ಕೂರುತ್ತದೆ, ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂರುತ್ತದೆ, ಯಕ್ಷಗಾನದ ಭಾಗವತರ ಪದ್ಯ ಮನಸ್ಸಿನಲ್ಲಿ ಕೂರುತ್ತದೆ. ಎರಡು ವರ್ಷಕ್ಕೊಮ್ಮೆ ಶಿರಸಿ ಜಾತ್ರೆಯಲ್ಲಿ ಮಾರಿಕಾಂಬೆ ನಮ್ಮ ಬಿಡಕಿಬೈಲಿನ ಗದ್ದುಗೆಯಲ್ಲಿ ಕೂರುತ್ತಾಳೆ. ಆದರೆ "ಸೀಟಿನಲ್ಲಿ ಟವೆಲ್ ಕೂತಿದೆ" ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? "ಟವೆಲ್ ಬಿದ್ದಿದೆ" ಅನ್ನುತ್ತೇವೆ. ಬಿದ್ದದ್ದನ್ನು ಎತ್ತಿ ಕೊಟ್ಟರಾಯಿತು.

ಯಲ್ಲಾಪುರದ ತಮ್ಮ: ಮಾತು ಚೆನ್ನಾಗಿದೆ ಭಾವಾ. ಆದರೆ "ಸೀಟು ಹಿಡಿ" ಅಂತಲೂ ಅನ್ನುತ್ತೇವಲ್ವಾ?

ಬಿಡಕಿಬೈಲಿನ ಭಾವ: ಹಿಡಿಯಲು ಕೈ ಬೇಕು. ಕೈ ಚಹಾ ಅಂಗಡಿಯಲ್ಲಿತ್ತು.

ಹಳೇ ಕಂಡಕ್ಟರ್: ಇಪ್ಪತ್ತು ವರ್ಷ ಘಟ್ಟದ ಬಸ್ಸಿನಲ್ಲಿ ದುಡಿದವನು ನಾನು. ಮುಂಗಡ ಬುಕ್ ಮಾಡಿದ ಸೀಟಿಗೆ ನಂಬರ್ ಇರುತ್ತದೆ, ಅಲ್ಲಿ ಜಗಳ ಇಲ್ಲ. ಸಾದಾ ಬಸ್ಸಿನಲ್ಲಿ ನಾನು ಟವೆಲ್ ಎತ್ತಿ, ನಾಲ್ಕು ಮಡಿಕೆ ಮಡಿಸಿ, "ಇದು ಯಾರದ್ದು?" ಅಂತ ಮೂರು ಸಲ ಕೂಗುತ್ತಿದ್ದೆ. ಯಾರೂ ಬರದಿದ್ದರೆ ನಿಂತವರನ್ನು ಕೂರಿಸುತ್ತಿದ್ದೆ. ಒಮ್ಮೆ ಹೆಗ್ಗಡೆಕಟ್ಟೆ ಕಡೆಯ ಅಜ್ಜಿಯೊಬ್ಬರು ಅಪ್ಪೆಮಿಡಿ ಬುಟ್ಟಿ ಹಿಡಿದು ಮೆಟ್ಟಿಲ ಹತ್ತಿರವೇ ಸಿಕ್ಕಿಕೊಂಡಿದ್ದರು. ಕಿಟಕಿಯಿಂದ ವಸ್ತ್ರ ಹಾಕಿದ್ದು ಅವರೇ. ಅವರಿಗೆ ಜಾಗ ಬಿಡಿಸಿಕೊಟ್ಟೆ. ಬರಲಾಗದವರ ವಸ್ತ್ರ ಬೇರೆ, ಬರಲು ಮನಸ್ಸಿಲ್ಲದವರದ್ದು ಬೇರೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು, ಹೆಂಗಸರು ಓಡಾಡುವುದು ಜಾಸ್ತಿಯಾಯಿತು. ಒಳ್ಳೆಯದೇ ಆಯಿತು. ಅದಕ್ಕೆ ತಕ್ಕಷ್ಟು ಬಸ್ಸೂ ಬೇಕು.

ಯಲ್ಲಾಪುರದ ತಮ್ಮ: ಸರಿ, ಇನ್ನು ಟವೆಲ್ ಹಾಕುವುದಿಲ್ಲ. ನಾನೇ ಹತ್ತಿ ಕೂರುತ್ತೇನೆ, ಅಪ್ಪ ಬಂದಾಗ ಎದ್ದು ಕೊಡುತ್ತೇನೆ. ಇದಕ್ಕೆ ಅಡ್ಡಿ ಇಲ್ವಲ್ಲ ಅಕ್ಕಾ?

ಹುಲೇಕಲ್ ರಸ್ತೆಯ ಅಕ್ಕ: ಖಂಡಿತ ಇಲ್ಲ ತಮ್ಮಾ. ಆಗ "ಜನ ಇದ್ದಾರೆ" ಅಂದರೆ ನನ್ನ ಮಗಳಿಗೂ ಕಾಣಿಸುತ್ತದೆ.