ಹಸಿರು ಟಿಕ್ ಇದ್ದ ಸೈಟಲ್ಲೇ ದುಡ್ಡು ಹೋಯಿತು. ಈ ರೇಟಿಂಗ್ ಟೂಲ್‌ಗಳನ್ನು ಎಷ್ಟು ನಂಬಬಹುದು?

ಗದಗಿನ ಮಗಳು:
ಅವ್ವನ ಲ್ಯಾಪ್‌ಟಾಪಿಗೆ ಹೋದ ವರ್ಷ ನಾನೇ ಒಂದು ಸೈಟ್ ರೇಟಿಂಗ್ ಎಕ್ಸ್‌ಟೆನ್ಶನ್ (ಸೈಟ್ ನಂಬಬಹುದಾ ಅಂತ ಬಣ್ಣದಲ್ಲಿ ತೋರಿಸುವ, ಬ್ರೌಸರ್‌ಗೆ ಸೇರಿಸುವ ಪುಟ್ಟ ಟೂಲ್) ಹಾಕಿಕೊಟ್ಟಿದ್ದೆ. ಹಸಿರು ಬಂದರೆ ಧೈರ್ಯವಾಗಿ ನೋಡು, ಕೆಂಪು ಬಂದರೆ ಮುಚ್ಚಿಬಿಡು ಅಂತ ಹೇಳಿದ್ದೆ. ಮೊನ್ನೆ ಇಳಕಲ್ ಸೀರೆ 799 ರೂಪಾಯಿಗೆ ಅಂತ ಒಂದು ಸೈಟ್ ಕಂಡಿದೆ, ಹಸಿರು ಟಿಕ್ಕೂ ಇತ್ತಂತೆ, ಎರಡು ಸೀರೆಗೆ 1,598 ಕಟ್ಟಿದ್ದಾರೆ. ಸೀರೆ ಬರಲಿಲ್ಲ, ಈಗ ಸೈಟೇ ತೆರೆಯುತ್ತಿಲ್ಲ. "ಹಸಿರು ಇತ್ತಲ್ಲವ್ವಾ" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಟೂಲ್ ತೆಗೆದುಹಾಕಲಾ?

ಸರ್ವರ್ ರೂಮ್:
ಮೊದಲು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ತಡವಾಗಿದ್ದರೂ ಮಾಡಿ.

ಟೂಲ್ ತೆಗೆಯಬೇಡಿ. ಆದರೆ ಹಸಿರಿನ ಅರ್ಥ ಬೇರೆ. ಇವೆಲ್ಲ ಹಳೆಯ ದೂರು, ವೈರಸ್ ಪಟ್ಟಿ, ಜನ ಕೊಟ್ಟ ಅಂಕ ನೋಡಿ ಬಣ್ಣ ಕೊಡುತ್ತವೆ. ಹೊಸ ಸೈಟಿನ ಬಗ್ಗೆ ಇನ್ನೂ ಯಾರೂ ದೂರೇ ಕೊಟ್ಟಿಲ್ಲ ಅಂದರೆ ಅವಕ್ಕೆ ಏನು ಗೊತ್ತಾಗಬೇಕು? ಗೂಗಲ್‌ನ ಕ್ರೋಮ್ ಬ್ರೌಸರ್ ಕೂಡ ಮೊದಲು ಕೆಟ್ಟ ಸೈಟುಗಳ ಪಟ್ಟಿಯನ್ನು ಅರ್ಧ ಗಂಟೆಗೋ ಒಂದು ಗಂಟೆಗೋ ಸಲ ತರಿಸಿಕೊಳ್ಳುತ್ತಿತ್ತು. ಕೆಟ್ಟ ಸೈಟುಗಳು ಸರಾಸರಿ 10 ನಿಮಿಷವೂ ಇರುವುದಿಲ್ಲ ಅಂತ ಗೂಗಲ್‌ನವರೇ ಹೇಳಿ, 2024ರ ಮಾರ್ಚಿನಲ್ಲಿ ಆಗಿಂದಾಗಲೇ ಪರೀಕ್ಷಿಸುವ ವ್ಯವಸ್ಥೆ ತಂದರು. ಅದು ಪಾಸ್‌ವರ್ಡ್ ಕದಿಯುವ ಪುಟಗಳನ್ನು ತಡೆಯಲು ನಿಜವಾಗಿ ಉಪಯೋಗ, ಅದನ್ನು ಆಫ್ ಮಾಡಲೇಬೇಡಿ.

ಆದರೆ ನಿಮ್ಮ ಅವ್ವನಿಗೆ ಆಗಿದ್ದು ಬೇರೆ. ಆ ಸೈಟಿನಲ್ಲಿ ವೈರಸ್ ಇರಲಿಲ್ಲ, ಸೀರೆ ಇರಲಿಲ್ಲ ಅಷ್ಟೇ. ಸೀರೆ ಕಳಿಸುತ್ತಾರೋ ಇಲ್ಲವೋ ಅನ್ನುವುದು ಸ್ಕ್ಯಾನರ್‌ಗೆ ಕಾಣುವುದಿಲ್ಲ. ವೈರಸ್‌ಟೋಟಲ್ ಅನ್ನುವ ತಪಾಸಣೆ ಸೈಟಿಗೆ ಲಿಂಕ್ ಹಾಕಿದರೆ 70ಕ್ಕೂ ಜಾಸ್ತಿ ಸ್ಕ್ಯಾನರ್, ಕೆಟ್ಟ ಸೈಟುಗಳ ಪಟ್ಟಿಗಳಿಗೆ ತೋರಿಸಿ ನೋಡುತ್ತದೆ, ಅಲ್ಲೂ ಇಂಥದ್ದು ಕ್ಲೀನ್ ಅಂತಲೇ ಬರಬಹುದು. ಹೂಈಸ್ (WHOIS, ಸೈಟ್ ಹೆಸರುಗಳ ನೋಂದಣಿ ವಿವರ ಹುಡುಕುವ ಸೇವೆ) ತೆರೆದು ಡೊಮೇನ್, ಅಂದರೆ ಸೈಟಿನ ಹೆಸರು, ಯಾವಾಗ ತೆಗೆದುಕೊಂಡಿದ್ದು ನೋಡಿ. ಮೂರು ವಾರದ ಹಿಂದೆ ಹುಟ್ಟಿದ ಸೈಟ್ "25 ವರ್ಷಗಳ ನಂಬಿಕೆ" ಅಂತ ಬರೆದುಕೊಂಡಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಮಗ್ಗದ ಮನೆ:
ನಮ್ಮದು ನಿಜವಾದ ಇಳಕಲ್ ಸೀರೆ ಅಂಗಡಿ. ಸೈಟ್ ಮಾಡಿ ಎರಡು ತಿಂಗಳು ಒಂದು ಟೂಲ್‌ನಲ್ಲಿ ಹಳದಿ ತೋರಿಸುತ್ತಿತ್ತು. ಗಿರಾಕಿಗಳು ಫೋನ್ ಮಾಡಿ "ನಿಮ್ಮದು ಮೋಸದ ಸೈಟಾ" ಅಂತ ಕೇಳಿದಾಗ ನಮ್ಮಪ್ಪನಿಗೆ ತುಂಬಾ ನೋವಾಯಿತು. ಸೈಟ್ ಹೊಸದು, ಬೇರೆ ಏನೂ ಇಲ್ಲ. ಅವರಿಗೆ ಬರೆದು ಸರಿ ಮಾಡಿಸಿದೆವು. ಅಂದಹಾಗೆ, ಕೈಮಗ್ಗದ ಇಳಕಲ್ 799ಕ್ಕೆ ಯಾರೂ ಕೊಡಲು ಆಗುವುದಿಲ್ಲ. ನೂಲಿನ ದುಡ್ಡು, ನೇಯುವವರ ಕೂಲಿ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ನಮಗಂತೂ ಬೆಲೆ ನೋಡಿದ ಕೂಡಲೇ ಅನುಮಾನ ಬರುತ್ತದೆ.

ಹಳೇ ಕ್ಯಾಷಿಯರ್:
ಬಣ್ಣಕ್ಕಿಂತ ವಿಳಾಸ ಓದುವುದನ್ನು ಕಲಿಸಿ ತಂಗಿ. ಮೊದಲ ಒಂಟಿ ಓರೆ ಗೆರೆಯ (/) ತನಕ ಮಾತ್ರ ನೋಡಬೇಕು, ಅದೂ ಬಲದಿಂದ ಎಡಕ್ಕೆ. ಮುಂದೆ ಬ್ಯಾಂಕಿನ ಹೆಸರಿದ್ದು ಕೊನೆಗೆ ಏನೋ ಡಾಟ್ ಎಕ್ಸ್‌ವೈಝಡ್ ಇದ್ದರೆ ಅದು ಬ್ಯಾಂಕ್ ಅಲ್ಲ. ರಿಸರ್ವ್ ಬ್ಯಾಂಕ್ ಹೇಳಿದ ಮೇಲೆ ಬ್ಯಾಂಕುಗಳು ಬ್ಯಾಂಕ್ ಡಾಟ್ ಇನ್‌ಗೆ ಬದಲಾಗಿವೆ, 2025ರ ಅಕ್ಟೋಬರ್ 31 ಕೊನೆಯ ದಿನ ಆಗಿತ್ತು. ವಿಳಾಸದ ಆ ಬ್ಯಾಂಕ್ ಡಾಟ್ ಇನ್ ಕೊನೆ ಬೇರೆಯವರಿಗೆ ಸಿಗುವುದಿಲ್ಲ. ಆದರೆ ಗೂಗಲ್ ಫಾರ್ಮ್‌ನಲ್ಲಿ ಯಾರೋ ಕೆವೈಸಿ ಕೇಳಿದರೆ ವಿಳಾಸ ಗೂಗಲ್‌ದೇ ಇರುತ್ತದೆ, ಟೂಲೂ ಹಸಿರೇ ತೋರಿಸುತ್ತದೆ. ಯಾವ ಬ್ಯಾಂಕೂ ಫಾರ್ಮ್‌ನಲ್ಲಿ ಒಟಿಪಿ ಕೇಳುವುದಿಲ್ಲ.

ರಾತ್ರಿ ಪಾಳಿ:
ಇನ್ನೊಂದು ವಿಷಯ. ಎಕ್ಸ್‌ಟೆನ್ಶನ್‌ಗೆ ನೀವು ಹೋಗುವ ಪ್ರತಿ ಸೈಟೂ ಗೊತ್ತಾಗುತ್ತದೆ. ವೆಬ್ ಆಫ್ ಟ್ರಸ್ಟ್ ಅಂತ ಹೆಸರುವಾಸಿ ಟೂಲ್ ಇತ್ತಲ್ವಾ, ಅದು ಜನರ ಬ್ರೌಸಿಂಗ್ ಹಿಸ್ಟರಿಯನ್ನು ಬೇರೆಯವರಿಗೆ ಕೊಡುತ್ತಿತ್ತು ಅಂತ 2016ರಲ್ಲಿ ಜರ್ಮನಿಯ ಎನ್‌ಡಿಆರ್ ವಾಹಿನಿ ಬಯಲು ಮಾಡಿತು. ಆ ಮಾಹಿತಿಯಿಂದ ಯಾರು ಯಾರು ಅಂತ ಗುರುತು ಹಿಡಿಯಲೂ ಆಗುತ್ತಿತ್ತು. ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಝಿಲ್ಲಾ ಆ ಟೂಲನ್ನು ತೆಗೆದುಹಾಕಿತ್ತು, ಆಮೇಲೆ ಬದಲಾವಣೆ ಮಾಡಿಕೊಂಡು ಮರಳಿ ಬಂತು. ನಾನು ಈಗ ಬ್ರೌಸರ್‌ನಲ್ಲೇ ಇರುವ ರಕ್ಷಣೆ ಸಾಕು ಅಂತ ಬಿಟ್ಟಿದ್ದೇನೆ.

ಗದಗಿನ ಮಗಳು:
1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು. ಎಕ್ಸ್‌ಟೆನ್ಶನ್ ತೆಗೆದೆ, ಕ್ರೋಮ್‌ನದ್ದು ಆನ್ ಇದೆ. ಅವ್ವನ ಜೊತೆ ಕೂತು ವಿಳಾಸ ಓದುವುದನ್ನು ಹತ್ತು ಸಲ ಮಾಡಿಸಿದೆ, ಒಂಬತ್ತು ಸರಿ ಹೇಳಿದರು. ಮಗ್ಗದ ಮನೆಯವರೇ, ನಿಮ್ಮ ಸೈಟಿನ ವಿಳಾಸ ಮೆಸೇಜ್ ಮಾಡ್ತೀರಾ? ಅವ್ವನಿಗೆ ಸೀರೆ ಬೇಕಂತೆ.